ಡಿಬಗ್ಗರ್ ನುಂಗಿದ ಹನ್ನೊಂದು ಬಿಟ್‌ಗಳು: ಒಂದು ಪ್ರಕರಣ ಅಧ್ಯಯನ

ದೂರು ಬಂದದ್ದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಂಪನಿಯಿಂದ. ಯಂತ್ರಗಳ ಬಿಡಿಭಾಗಗಳನ್ನು ಅಳೆಯುವ ಉಪಕರಣಗಳನ್ನು ಅವರು ತಯಾರಿಸುತ್ತಾರೆ. ಉಪಕರಣದೊಳಗೆ ಲಿನಕ್ಸ್ ಓಡುವ 64 ಬಿಟ್‌ನ ಎಕ್ಸ್86 ಬೋರ್ಡ್ ಇದೆ. ಸಂವೇದಕದಿಂದ ಬರುವ ಪ್ರತಿ ಪಲ್ಸ್‌ಗೂ ಅದು ವೇಳೆಯನ್ನು ಬರೆದಿಟ್ಟುಕೊಳ್ಳುತ್ತದೆ. ಆ ಬೋರ್ಡಿನ ತಂತ್ರಾಂಶದಲ್ಲಿ ದೋಷ ಹುಡುಕಲು ಅವರು ಬಳಸುವುದು ಜಯನಗರದಲ್ಲಿರುವ ನಮ್ಮ ತಂಡ ನೋಡಿಕೊಳ್ಳುವ ಡಿಬಗ್ಗರನ್ನು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಅದರೊಳಗಿನ ಬೆಲೆಗಳನ್ನು ತೋರಿಸುವ ಸಾಧನ ಅದು. ಅದು ಓಡುವುದು ಬೋರ್ಡಿನಲ್ಲಲ್ಲ, ಇಂಜಿನಿಯರಿನ ಲ್ಯಾಪ್‌ಟಾಪಿನಲ್ಲಿ. ಅವರ ಇಂಜಿನಿಯರ್ ಕಳುಹಿಸಿದ ದೂರು ಚಿಕ್ಕದು: ‘ಎರಡು ಸಂಖ್ಯೆಗಳೂ ಒಂದೇ ಎಂದು ನಿಮ್ಮ ಡಿಬಗ್ಗರ್ ತೋರಿಸುತ್ತಿದೆ. ಒಂದೇ ಅಲ್ಲ ಎಂದು ನಮ್ಮ ಪ್ರೋಗ್ರಾಂ ನಡೆದುಕೊಳ್ಳುತ್ತಿದೆ. ಯಾವುದನ್ನು ನಂಬಬೇಕು, ಸರ್?’

ಡಿಬಗ್ಗರ್ ಬಳಸುವವರು ಕೇಳಬಾರದ ಪ್ರಶ್ನೆ ಇದು. ಪ್ರೋಗ್ರಾಂ ತಪ್ಪಬಹುದು, ಅದಕ್ಕಾಗಿಯೇ ಡಿಬಗ್ಗರ್ ಇದೆ. ಸಾಕ್ಷಿಯ ಮಾತೇ ಅನುಮಾನಕ್ಕೆ ಒಳಗಾದರೆ ವಿಚಾರಣೆ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಕೈಯಲ್ಲಿದ್ದ ಬೇರೆ ಕೆಲಸಗಳನ್ನು ಬದಿಗಿಟ್ಟು ಇದನ್ನು ಹಿಡಿದುಕೊಂಡೆವು.

ಸಂಖ್ಯೆ ಯಾವುದು, ಕಂಡದ್ದು ಯಾವುದು

ಅವರು ವೇಳೆಯನ್ನು 1970ರ ಜನವರಿ 1ರಿಂದ ಎಣಿಸಿದ ನ್ಯಾನೊಸೆಕೆಂಡುಗಳಲ್ಲಿ ಇಡುತ್ತಾರೆ. ಪೂರ್ಣಾಂಕವೇ ಸಾಕಿತ್ತಲ್ಲ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಬೋರ್ಡಿನ ಸ್ಫಟಿಕದ ವೇಗ ತಾಪಮಾನಕ್ಕೆ ತಕ್ಕಂತೆ ಅಲ್ಪಸ್ವಲ್ಪ ಬದಲಾಗುತ್ತದೆ. ಅದನ್ನು ಸರಿದೂಗಿಸಲು ಎಣಿಕೆಯನ್ನು ಒಂದು ತಿದ್ದುಪಡಿ ಗುಣಕದಿಂದ ಗುಣಿಸಬೇಕು. ಗುಣಿಸಿದಾಗ ನ್ಯಾನೊಸೆಕೆಂಡಿನ ಭಿನ್ನರಾಶಿಗಳು ಬರುತ್ತವೆ. ಅವನ್ನು ಕಳೆದುಕೊಳ್ಳಬಾರದೆಂದು ಅವರು ಸಿ ಭಾಷೆಯಲ್ಲಿ ಭಿನ್ನರಾಶಿ ಇರುವ ಸಂಖ್ಯೆಗಳಿಗೆ ಮಾಮೂಲಾಗಿ ಬಳಸುವ ‘ಡಬಲ್’ ಬಿಟ್ಟು, ಆ ಬೋರ್ಡಿನಲ್ಲಿ ಅದಕ್ಕಿಂತ ನಿಖರವಾದ ‘ಲಾಂಗ್ ಡಬಲ್’ ಆರಿಸಿಕೊಂಡಿದ್ದರು. ಆ ಬೋರ್ಡಿನ ಮಟ್ಟಿಗೆ ಅದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಎಕ್ಸ್86 ಲಿನಕ್ಸ್‌ನಲ್ಲಿ ಲಾಂಗ್ ಡಬಲ್ ಎಂದರೆ 80 ಬಿಟ್‌ಗಳ ವಿಸ್ತೃತ ರೂಪ. 1980ರಲ್ಲಿ ಇಂಟೆಲ್ ಹೊರತಂದ 8087 ಸಹಸಂಸ್ಕಾರಕದಿಂದ ಬಂದ ರೂಪ ಅದು. ಒಂದು ಬಿಟ್ ಚಿಹ್ನೆಗೆ, 15 ಬಿಟ್ ಘಾತಾಂಕಕ್ಕೆ, 64 ಬಿಟ್ ಮ್ಯಾಂಟಿಸಾಕ್ಕೆ, ಎಂದರೆ ಸಂಖ್ಯೆಯ ಅಂಕಿಗಳಿಗೆ. ಸಾಮಾನ್ಯ ಡಬಲ್‌ನಲ್ಲಿ ಮ್ಯಾಂಟಿಸಾದ ಮೊದಲ 1 ಅನ್ನು ಬರೆಯುವುದಿಲ್ಲ, ಅದು ಇದೆಯೆಂದೇ ಎಣಿಸಿ ಒಟ್ಟು 53 ಬಿಟ್‌ಗಳ ನಿಖರತೆ ಪಡೆಯುತ್ತಾರೆ. 80 ಬಿಟ್‌ನ ರೂಪದಲ್ಲಿ ಆ ಮೊದಲ ಬಿಟ್ಟನ್ನೂ ಬರೆದೇ ಇಡುತ್ತಾರೆ. ಈ ಒಂದು ವ್ಯತ್ಯಾಸ ಮುಂದೆ ನಮಗೆ ಬಹಳ ಕೆಲಸ ಕೊಟ್ಟಿತು.

ಲೆಕ್ಕ ಸುಲಭವಾಗಲೆಂದು ದುಂಡನೆಯ ವೇಳೆಯೊಂದನ್ನು ತೆಗೆದುಕೊಳ್ಳುತ್ತೇನೆ: 1700000000000000000 ನ್ಯಾನೊಸೆಕೆಂಡು. ನಮ್ಮ ಗಡಿಯಾರದಲ್ಲಿ ಅದು 2023ರ ನವೆಂಬರ್ 15ರ ನಸುಕಿನ 3 ಗಂಟೆ 43 ನಿಮಿಷ 20 ಸೆಕೆಂಡು. ಇದಾದ 40 ನ್ಯಾನೊಸೆಕೆಂಡಿಗೆ ಒಂದು ಪಲ್ಸ್, 120 ನ್ಯಾನೊಸೆಕೆಂಡಿಗೆ ಇನ್ನೊಂದು ಪಲ್ಸ್ ಬಂತು ಎನ್ನೋಣ. ಈ ಸಂಖ್ಯೆಗಳು 2⁶⁰ ಮತ್ತು 2⁶¹ರ ನಡುವೆ ಬರುತ್ತವೆ. ಅಲ್ಲಿ 53 ಬಿಟ್‌ನ ಡಬಲ್‌ಗೆ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 256. ಎಂದರೆ 256 ನ್ಯಾನೊಸೆಕೆಂಡಿಗಿಂತ ಸಣ್ಣ ಹೆಜ್ಜೆ ಇಡಲು ಅದಕ್ಕೆ ಬರುವುದೇ ಇಲ್ಲ. 64 ಬಿಟ್ ಇದ್ದರೆ ಅದೇ ಜಾಗದಲ್ಲಿ ಅಂತರ ನ್ಯಾನೊಸೆಕೆಂಡಿನ ಎಂಟನೇ ಒಂದು ಭಾಗ. ಡಬಲ್‌ಗೆ ಇಳಿಸಿದರೆ 40 ಮತ್ತು 120 ಎರಡೂ ಸೊನ್ನೆಗೆ ಜಾರಿ ಎರಡು ಪಲ್ಸ್‌ಗಳೂ 1700000000000000000 ಆಗುತ್ತವೆ. ಬಂಗಾರದಂಗಡಿಯ ಗುಲಗಂಜಿಯನ್ನು ಈರುಳ್ಳಿ ತೂಗುವ ತಕ್ಕಡಿಗೆ ಹಾಕಿದಂತೆ.

ಡಿಬಗ್ಗರ್ ತೋರಿಸಿದ್ದೂ ಅದನ್ನೇ. ಒಂದರಲ್ಲಿ ಇನ್ನೊಂದನ್ನು ಕಳೆಯಲು ಹೇಳಿದರೆ ಸೊನ್ನೆ ಎಂದಿತು. ಬೋರ್ಡಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಮಾತ್ರ ಅವೆರಡೂ ಬೇರೆ ಎಂದು ತಿಳಿದು, ‘ಸಮವಲ್ಲ’ ಎಂಬ ಕವಲಿಗೆ ಹೋಗಿತ್ತು. ಪ್ರೋಗ್ರಾಂ ಸರಿಯಾಗಿತ್ತು.

ಒಬ್ಬರ ಲ್ಯಾಪ್‌ಟಾಪಿನಲ್ಲಿ ಸರಿ, ಇನ್ನೊಬ್ಬರದ್ದರಲ್ಲಿ ತಪ್ಪು

ಇಷ್ಟು ಗೊತ್ತಾದ ಮೇಲೂ ಗೊಂದಲ ಮುಗಿಯಲಿಲ್ಲ. ಅದೇ ಬೋರ್ಡು, ಪ್ರೋಗ್ರಾಂ ನಿಲ್ಲಿಸುವ ಅದೇ ಜಾಗ (ಬ್ರೇಕ್‌ಪಾಯಿಂಟು), ಅದೇ ಆವೃತ್ತಿಯ ಡಿಬಗ್ಗರ್. ನಮ್ಮ ತಂಡದ ಕೆಲವರಿಗೆ 40 ಮತ್ತು 120 ಸ್ಪಷ್ಟವಾಗಿ ಕಾಣಿಸುತ್ತಿದ್ದವು. ಪೀಣ್ಯದ ಇಂಜಿನಿಯರ್‌ಗೆ ಕಾಣಿಸುತ್ತಿರಲಿಲ್ಲ. ನೆಟ್‌ವರ್ಕ್ ಕೇಬಲ್ ಮೇಲೆ, ಕಂಪೈಲರಿನ ಆಪ್ಟಿಮೈಸೇಷನ್ ಮೇಲೆ, ಥ್ರೆಡ್‌ಗಳ ಪೈಪೋಟಿಯ ಮೇಲೆ ಅನುಮಾನಗಳು ಹರಿದಾಡಿದವು. ಯಾರ ಲ್ಯಾಪ್‌ಟಾಪಿನೊಳಗೆ ಯಾವ ಚಿಪ್ ಇದೆ ಎಂದು ನಮ್ಮ ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ಬರೆದು ನೋಡಿದಾಗ ಗಂಟು ಬಿಚ್ಚಿತು.

ಬೋರ್ಡಿನಿಂದ ಬಂದ ಹತ್ತು ಬೈಟ್‌ಗಳನ್ನು ನಮ್ಮ ಡಿಬಗ್ಗರ್ ತಾನು ಓಡುತ್ತಿರುವ ಕಂಪ್ಯೂಟರಿನ ಲಾಂಗ್ ಡಬಲ್‌ಗೆ ಬದಲಾಯಿಸಿಕೊಳ್ಳುತ್ತಿತ್ತು. ಅಚ್ಚು ಹಾಕುವುದು, ಲೆಕ್ಕ ಮಾಡುವುದು, ಹೋಲಿಸುವುದು ಎಲ್ಲವೂ ಅದಾದ ಮೇಲೆ. ಹೆಸರು ಒಂದೇ ಆದರೂ ಲಾಂಗ್ ಡಬಲ್ ಎಲ್ಲ ಕಡೆಯೂ ಒಂದೇ ಅಲ್ಲ. ಎಕ್ಸ್86 ಲಿನಕ್ಸ್‌ನಲ್ಲಿ ಅದು 80 ಬಿಟ್. 64 ಬಿಟ್‌ನ ಆರ್ಮ್ ಲಿನಕ್ಸ್‌ನಲ್ಲಿ 113 ಬಿಟ್ ನಿಖರತೆಯ 128 ಬಿಟ್ ರೂಪ. ಮೈಕ್ರೊಸಾಫ್ಟ್‌ನ ಕಂಪೈಲರಿನಲ್ಲಿ, ಆರ್ಮ್ ಚಿಪ್ ಇರುವ ಆಪಲ್ ಕಂಪ್ಯೂಟರುಗಳಲ್ಲಿ ಲಾಂಗ್ ಡಬಲ್ ಎಂದರೆ ಬರೀ ಡಬಲ್. ಪೀಣ್ಯದವರ ಬಳಿ ಇದ್ದದ್ದು ಈ ಕೊನೆಯ ಬಗೆಯದು. 64ರಲ್ಲಿ 53 ಉಳಿದು ಹನ್ನೊಂದು ಬಿಟ್‌ಗಳು ದಾರಿಯಲ್ಲೇ ಕಾಣೆಯಾಗುತ್ತಿದ್ದವು, ಒಂದು ಎಚ್ಚರಿಕೆಯ ಸಾಲೂ ಬರುತ್ತಿರಲಿಲ್ಲ.

ಆ ಕೋಡ್ ಬರೆದವರನ್ನು ದೂರಲು ನನಗೆ ಮನಸ್ಸಿಲ್ಲ. ಅವರ ಕಾಲದಲ್ಲಿ ಮೇಜಿನ ಮೇಲಿದ್ದದ್ದೂ ಪರೀಕ್ಷೆಗೆ ಇಟ್ಟದ್ದೂ ಒಂದೇ ಜಾತಿಯ ಎಕ್ಸ್86 ಯಂತ್ರಗಳು. ಜಿಡಿಬಿಯಂಥ ಹಳೆಯ ಡಿಬಗ್ಗರ್ ಕೂಡ ಬಹಳ ಕಾಲ ಇದೇ ದಾರಿಯಲ್ಲಿ ನಡೆದಿತ್ತು. 2017ರ ಕೊನೆಯ ಹೊತ್ತಿಗೆ ಅವರು ಆ ವ್ಯವಸ್ಥೆ ಕಳಚಿಹಾಕಿದರು. 2018ರ ಜನವರಿಯಲ್ಲಿ ಬಂದ 8.1ನೇ ಆವೃತ್ತಿಯಿಂದ, ಎರಡು ಯಂತ್ರಗಳ ಫ್ಲೋಟಿಂಗ್ ಪಾಯಿಂಟ್ ರೂಪ (ಭಿನ್ನರಾಶಿ ಇರುವ ಸಂಖ್ಯೆಗಳನ್ನು ಇಡುವ ರೀತಿ) ಬೇರೆಯಾಗಿದ್ದರೆ, ಬೇಕಾದ ನಿಖರತೆಯಲ್ಲಿ ಲೆಕ್ಕ ಮಾಡಿಕೊಡುವ ಎಂಪಿಎಫ್‌ಆರ್ ಎಂಬ ತಂತ್ರಾಂಶ ಗ್ರಂಥಾಲಯದ ಮೂಲಕ ಲೆಕ್ಕ ಮಾಡತೊಡಗಿದರು.

ತಂಡದಲ್ಲಿ ಮೊದಲು ಬಂದ ಸಲಹೆ, ಅಚ್ಚು ಹಾಕುವಾಗ ಅಂಕಿಗಳನ್ನು ಹೆಚ್ಚಿಸೋಣ ಎಂಬುದು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಕಾರಣ ತೋರಿಸಲು 0.1 ಸಾಕು. 80 ಬಿಟ್‌ನ 0.1 ಅನ್ನು 21 ಅಂಕಿಗಳಲ್ಲಿ ಬರೆದರೆ 0.100000000000000000001. ಅದನ್ನೇ ಡಬಲ್‌ಗೆ ಇಳಿಸಿ ಆಮೇಲೆ 21 ಅಂಕಿ ಬರೆದರೆ 0.100000000000000005551. ಕೊನೆಯ ಆ 5551 ಬೋರ್ಡಿನಲ್ಲಿ ಎಲ್ಲಿಯೂ ಇಲ್ಲ, ಪರಿವರ್ತನೆಯಲ್ಲಿ ಹುಟ್ಟಿದ್ದು. ಕಳೆದುಹೋದದ್ದನ್ನು ಅಂಕಿಗಳು ಮರಳಿ ತರುವುದಿಲ್ಲ, ಸುಳ್ಳಿಗೆ ನಿಖರತೆಯ ವೇಷ ಹಾಕುತ್ತವೆ ಅಷ್ಟೆ.

ತಿದ್ದಿದ್ದು ಹೇಗೆ

ನಾವು ಒಂದು ನಿಯಮ ಇಟ್ಟುಕೊಂಡೆವು: ಪರೀಕ್ಷೆಗೆ ಒಳಗಾದ ಯಂತ್ರದ ಸಂಖ್ಯೆ ಡಿಬಗ್ಗರ್ ಓಡುವ ಯಂತ್ರದ ಫ್ಲೋಟಿಂಗ್ ಪಾಯಿಂಟ್ ಒಳಗೆ ಒಮ್ಮೆಯೂ ಕಾಲಿಡಬಾರದು. ಹೇಳಲು ಸಲೀಸು. ಡಿಬಗ್ಗರಿನ ಕೋಡಿನಲ್ಲಿ ಈ ನಿಯಮ ಮುರಿಯುವ ಜಾಗಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಿದ್ದವು.

ಓದುವ ಭಾಗ ಸರಳ. ಹತ್ತು ಬೈಟ್‌ಗಳನ್ನು ಚಿಹ್ನೆ, ಘಾತಾಂಕ, ಮ್ಯಾಂಟಿಸಾ ಎಂದು ಬಿಡಿಸಿ ಮೂರು ಪೂರ್ಣಾಂಕಗಳಾಗಿ ಇಟ್ಟುಕೊಳ್ಳುವುದು. ಮೇಲಿನ ಮೊದಲ ಪಲ್ಸ್‌ನ ಮ್ಯಾಂಟಿಸಾ 13600000000000000320, ಘಾತಾಂಕ 16443. ಘಾತಾಂಕದಿಂದ 16383 ಕಳೆದು, ಮತ್ತೆ 63 ಕಳೆದರೆ ಮೈನಸ್ 3. ಮ್ಯಾಂಟಿಸಾವನ್ನು ಎಂಟರಿಂದ ಭಾಗಿಸಿದರೆ 1700000000000000040, ಒಂದು ಅಂಕಿಯೂ ಆಚೀಚೆ ಇಲ್ಲ. ದೊಡ್ಡ ಪೂರ್ಣಾಂಕಗಳ ಗಣಿತದಿಂದ ಇದನ್ನು ದಶಮಾಂಶಕ್ಕೆ ತರುವುದರಲ್ಲಿ ರೌಂಡಿಂಗ್ (ಹತ್ತಿರದ ಸಂಖ್ಯೆಗೆ ದುಂಡಾಗಿಸುವುದು) ಬರುವುದು ಕೊನೆಯ ಅಂಕಿಯಲ್ಲಿ ಮಾತ್ರ. ಎಷ್ಟು ಅಂಕಿ ತೋರಿಸಬೇಕು ಎಂಬುದಕ್ಕೂ ಖಚಿತ ಉತ್ತರವಿದೆ. ಬರೆದದ್ದನ್ನು ಮತ್ತೆ ಓದಿಸಿದಾಗ ಅದೇ ಬಿಟ್‌ಗಳು ಮರಳಬೇಕಾದರೆ ಡಬಲ್‌ಗೆ 17, ಈ ರೂಪಕ್ಕೆ 21 ಅಂಕಿ ಬೇಕು.

ಲೆಕ್ಕ ಮಾಡುವ ಭಾಗದಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. 80 ಬಿಟ್‌ಗಿಂತ ಅಗಲವಾದ 128 ಬಿಟ್ ರೂಪದಲ್ಲಿ ಕೂಡಿ ಗುಣಿಸಿ, ಉತ್ತರವನ್ನು ಮಾತ್ರ 80 ಬಿಟ್‌ಗೆ ಇಳಿಸಿದರೆ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಅಲ್ಲಿ ಎರಡು ಸಲ ರೌಂಡಿಂಗ್ ನಡೆಯುತ್ತದೆ: ಮೊದಲು 113 ಬಿಟ್‌ಗೆ, ಆಮೇಲೆ 64 ಬಿಟ್‌ಗೆ. ಮೊದಲನೆಯದು ಸಂಖ್ಯೆಯನ್ನು ಸರಿಯಾಗಿ 64 ಬಿಟ್‌ನ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುಗೆರೆಗೆ ತಂದು ನಿಲ್ಲಿಸಿದರೆ, ಎರಡನೆಯದು ತಪ್ಪು ಬದಿಗೆ ತಳ್ಳಬಹುದು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮತ್ತು ವರ್ಗಮೂಲಕ್ಕೆ ಈ ಅಪಾಯ ಇಲ್ಲದಿರಬೇಕಾದರೆ ಅಗಲವಾದ ರೂಪದಲ್ಲಿ ಕಿರಿದರ ಎರಡರಷ್ಟಕ್ಕಿಂತ ಇನ್ನೂ ಎರಡು ಬಿಟ್ ಹೆಚ್ಚಿರಬೇಕು. 64ಕ್ಕೆ ಅದು 130. 113 ಸಾಲದು. ಆದ್ದರಿಂದ ಎಂಪಿಎಫ್‌ಆರ್‌ನಲ್ಲಿ ನಿಖರತೆಯನ್ನು ನೇರವಾಗಿ 64 ಬಿಟ್‌ಗೆ ನಿಲ್ಲಿಸಿದೆವು. ಘಾತಾಂಕದ ಮಿತಿಗಳನ್ನೂ ಚಿಪ್ಪಿನ ಮಿತಿಗಳಿಗೇ ಕಟ್ಟಿದೆವು: ಆ ಗ್ರಂಥಾಲಯದ ಲೆಕ್ಕದಲ್ಲಿ ಮೇಲೆ 16384, ಕೆಳಗೆ ಮೈನಸ್ 16444. ತೀರ ಸಣ್ಣ ಸಂಖ್ಯೆಗಳಲ್ಲಿ ಬಿಟ್‌ಗಳು ಕರಗುವ ರೀತಿಯನ್ನು ಅನುಕರಿಸಲು ಅದರಲ್ಲೇ ಒಂದು ಫಂಕ್ಷನ್ ಇದೆ, ಅದನ್ನು ಪ್ರತಿ ಲೆಕ್ಕದ ಕೊನೆಗೆ ಕರೆಯಬೇಕು. ಇಷ್ಟು ಮಾಡಿದರೆ ಮಾಮೂಲು ರೌಂಡಿಂಗ್ ವಿಧಾನದಲ್ಲಿ ಬೋರ್ಡು ಕೊಡುವ ಉತ್ತರವನ್ನೇ, ಕೊನೆಯ ಬಿಟ್ಟಿನವರೆಗೂ, ಡಿಬಗ್ಗರ್ ಕೊಡುತ್ತದೆ.

ನಿಜವಾಗಿ ಬೆವರಿಳಿಸಿದ್ದು ಸಂಖ್ಯೆಯೇ ಅಲ್ಲದ ಬಿಟ್‌ಗಳು. ಮ್ಯಾಂಟಿಸಾದ ಮೊದಲ ಬಿಟ್ಟನ್ನು ಬರೆದೇ ಇಡುತ್ತಾರೆ ಎಂದೆನಲ್ಲ, ಹಾಗಾಗಿ ಘಾತಾಂಕ ಸೊನ್ನೆಯಲ್ಲದಿದ್ದರೂ ಆ ಬಿಟ್ ಸೊನ್ನೆ ಇರುವ ವಿನ್ಯಾಸಗಳು ಸಾಧ್ಯ. 80387ರಿಂದ ಈಚೆಗೆ ಇಂಟೆಲ್ ಚಿಪ್‌ಗಳು ಅವನ್ನು ಅಮಾನ್ಯವೆಂದು ತಿರಸ್ಕರಿಸುತ್ತವೆ. ಒಳ್ಳೆಯ ಪ್ರೋಗ್ರಾಂ ಅವನ್ನು ಹುಟ್ಟಿಸುವುದಿಲ್ಲ. ಆದರೆ ಡಿಬಗ್ಗರ್ ನೋಡುವುದು ಒಳ್ಳೆಯ ಪ್ರೋಗ್ರಾಂಗಳನ್ನಷ್ಟೇ ಅಲ್ಲ. ಇನ್ನೂ ಬೆಲೆ ತುಂಬದ ವೇರಿಯಬಲ್, ಹಾಳಾದ ಸ್ಟ್ಯಾಕ್, ತಪ್ಪು ಪಾಯಿಂಟರ್ ಇವೆಲ್ಲ ಅದರ ದಿನದ ಊಟ. ಲಿನಕ್ಸ್‌ನ ಸಿ ಗ್ರಂಥಾಲಯವಾದ ಜಿಲಿಬ್‌ಸಿಯ 2.23ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ 00 04 00 00 00 00 00 00 00 04 ಎಂಬ ಹತ್ತು ಬೈಟ್‌ಗಳನ್ನು ಲಾಂಗ್ ಡಬಲ್ ಎಂದು ಅಚ್ಚು ಹಾಕುವ ಪ್ರಿಂಟ್‌ಎಫ್ ಬಳಗದ ಫಂಕ್ಷನ್‌ಗೆ ಕೊಟ್ಟರೆ ಸ್ಟ್ಯಾಕ್‌ನಲ್ಲಿದ್ದ ಬಫರ್ ತುಂಬಿ ಹರಿಯುತ್ತಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2020-29573 ಎಂದು ದಾಖಲಾಗಿರುವ ದೋಷ ಅದು. ಆ ಬೈಟ್‌ಗಳನ್ನು ಬಿಡಿಸಿ ನೋಡಿ, ಘಾತಾಂಕ ಇದೆ, ಮೊದಲ ಬಿಟ್ ಇಲ್ಲ. ಕಸದ ಮೆಮೊರಿಯಿಂದ ಬಂದ ಬೈಟ್‌ಗಳನ್ನು ಹಾಗೇ ಪ್ರಿಂಟ್‌ಎಫ್‌ಗೆ ಒಪ್ಪಿಸುವ ಡಿಬಗ್ಗರ್ ಯಾವತ್ತು ಬೇಕಾದರೂ ಮುಗ್ಗರಿಸಬಹುದಿತ್ತು. ಈಗ ನಮ್ಮದು ‘ಅಮಾನ್ಯ ವಿನ್ಯಾಸ’ ಎಂದು ಬರೆದು ಪಕ್ಕದಲ್ಲಿ ಹತ್ತು ಬೈಟ್‌ಗಳನ್ನೂ ಇದ್ದಂತೆಯೇ ತೋರಿಸುತ್ತದೆ.

‘ಸಂಖ್ಯೆಯಲ್ಲ’ ಎಂಬ ಅರ್ಥದ ನ್ಯಾನ್ ಬೆಲೆಗಳಿಗೂ ಇದೇ ಮರ್ಯಾದೆ. ಎಚ್ಚರಿಕೆ ಹೊಡೆಯುವ ಬಗೆಯ ನ್ಯಾನನ್ನು ಬೇರೆ ಅಗಲದ ರೂಪಕ್ಕೆ ಬದಲಾಯಿಸಿದ ಕೂಡಲೇ ಚಿಪ್ ಅದನ್ನು ಸುಮ್ಮನಿರುವ ನ್ಯಾನ್ ಮಾಡಿಬಿಡುತ್ತದೆ. ಕೆಲವರು ಬೆಲೆ ತುಂಬದ ವೇರಿಯಬಲ್ ಹಿಡಿಯಲೆಂದೇ ಅಂಥ ನ್ಯಾನ್‌ಗಳನ್ನು ಮೊದಲೇ ಇಟ್ಟಿರುತ್ತಾರೆ. ಡಿಬಗ್ಗರ್ ಆ ಗುರುತನ್ನು ಅಳಿಸಿ ತೋರಿಸಿದರೆ ಅವರ ಶ್ರಮ ಹಾಳು.

ಬರೆಯುವ ಭಾಗ. ಎಕ್ಸ್86ರ 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಡಬಲ್ ಮೆಮೊರಿಯಲ್ಲಿ 16 ಬೈಟ್ ಆಕ್ರಮಿಸುತ್ತದೆ, 32 ಬಿಟ್‌ನಲ್ಲಿ 12. ಅರ್ಥ ಇರುವುದು ಹತ್ತಕ್ಕೆ ಮಾತ್ರ, ಉಳಿದದ್ದು ಖಾಲಿ ಜಾಗ. ವೇರಿಯಬಲ್‌ನ ಬೆಲೆ ಬದಲಾಯಿಸುವಾಗ ನಮ್ಮ ಹಳೆಯ ಕೋಡ್ ಆ ಖಾಲಿ ಜಾಗಕ್ಕೂ ಸೊನ್ನೆ ಬರೆಯುತ್ತಿತ್ತು. ಈಗ ಹತ್ತು ಬೈಟ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಬೆಲೆ ಬದಲಾದ ಕೂಡಲೇ ಪ್ರೋಗ್ರಾಂ ನಿಲ್ಲಿಸುವ ವಾಚ್‌ಪಾಯಿಂಟ್ ಹೋಲಿಸುವುದೂ ಹತ್ತನ್ನೇ. ಇಲ್ಲವಾದರೆ ಖಾಲಿ ಜಾಗದ ಕಸ ಬದಲಾದಾಗಲೂ ಬೆಲೆ ಬದಲಾಯಿತೆಂದು ಪ್ರೋಗ್ರಾಂ ನಿಲ್ಲುತ್ತದೆ. ಚಿಪ್ಪಿನ ಒಂದು ವಾಚ್ ರಿಜಿಸ್ಟರ್ ಹೆಚ್ಚೆಂದರೆ ಎಂಟು ಬೈಟ್ ಕಾಯುತ್ತದೆ, ಇರುವುದು ಒಟ್ಟು ನಾಲ್ಕು. ಒಂದು ಲಾಂಗ್ ಡಬಲ್ ಕಾಯಲು ಅದರಲ್ಲಿ ಎರಡು ಬೇಕು.

ಇದೇ ಕೋಡಿನಲ್ಲಿ ರಿಜಿಸ್ಟರುಗಳದ್ದೊಂದು ದೋಷವೂ ಸಿಕ್ಕಿತು. ಫಂಕ್ಷನ್ ಮರಳಿಸುವ ಲಾಂಗ್ ಡಬಲ್ ಬರುವುದು 8087ರ ವಂಶದ ಎಕ್ಸ್87 ಘಟಕದ ರಿಜಿಸ್ಟರುಗಳ (ಚಿಪ್ಪಿನೊಳಗೆ ಬೆಲೆ ಇಡುವ ಗೂಡುಗಳ) ತುದಿಯಲ್ಲಿ. ಎಂಟು ರಿಜಿಸ್ಟರುಗಳು ಒಂದರ ಮೇಲೊಂದು ಪೇರಿಸಿದ ರೀತಿಯಲ್ಲಿ ಇರುತ್ತವೆ. ಕರ್ನಲ್ ಕೊಡುವ 512 ಬೈಟ್‌ಗಳ ಚಿತ್ರದಲ್ಲಿ ಬೆಲೆಗಳು ತುದಿಯಿಂದ ಎಣಿಸಿದ ಕ್ರಮದಲ್ಲಿ ಇದ್ದರೆ, ಯಾವುದು ಖಾಲಿ ಎಂಬ ಗುರುತುಗಳು ಮಾತ್ರ ರಿಜಿಸ್ಟರಿನ ಸ್ವಂತ ಸ್ಥಾನದ ಕ್ರಮದಲ್ಲಿ ಇರುತ್ತವೆ. ತುದಿ ಎಲ್ಲಿದೆ ಎಂಬುದು ಸ್ಥಿತಿಪದದ 11ರಿಂದ 13ನೇ ಬಿಟ್‌ಗಳಲ್ಲಿದೆ. ಅದಕ್ಕೆ ತಕ್ಕಂತೆ ಗುರುತುಗಳನ್ನು ತಿರುಗಿಸದಿದ್ದರೆ ತುಂಬಿದ ರಿಜಿಸ್ಟರಿಗೆ ಖಾಲಿ ಎಂಬ ಚೀಟಿ ಬೀಳುತ್ತದೆ. ಬೀಳುತ್ತಿತ್ತು ಕೂಡ.

ಪರೀಕ್ಷೆಗಳಿಗೆ ಸತ್ಯದ ಮೂಲವಾಗಿ ನಾವು ಯಾರ ಲ್ಯಾಪ್‌ಟಾಪನ್ನೂ ಒಪ್ಪಲಿಲ್ಲ. ಬೋರ್ಡಿನ ಮೇಲೆಯೇ ಒಂದು ಚಿಕ್ಕ ಪ್ರೋಗ್ರಾಂ ಓಡಿಸಿ, ಚಿಪ್ ಮಾಡಿದ ಲೆಕ್ಕಗಳ ಹತ್ತು ಬೈಟ್‌ಗಳನ್ನು ಕಡತಕ್ಕೆ ತೆಗೆದುಕೊಂಡೆವು. ಆ ಕಡತವನ್ನು ಮುಂದಿಟ್ಟುಕೊಂಡು ಪ್ರತಿ ಬಗೆಯ ಯಂತ್ರದ ಮೇಲೂ ಡಿಬಗ್ಗರನ್ನು ಪರೀಕ್ಷಿಸುತ್ತೇವೆ. ಒಂದು ಬಿಟ್ ಬೇರೆಯಾದರೂ ಪರೀಕ್ಷೆ ಸೋಲುತ್ತದೆ.

ಪೀಣ್ಯದಲ್ಲಿ ಕಂಡದ್ದು

ತಿದ್ದಿದ ಡಿಬಗ್ಗರನ್ನು ತೆಗೆದುಕೊಂಡು ನಾನೇ ಹೋದೆ. ಜಯನಗರದಿಂದ ಪೀಣ್ಯ ಇಂಡಸ್ಟ್ರಿ ನಿಲ್ದಾಣಕ್ಕೆ ಹಸಿರು ಮಾರ್ಗದ ಮೆಟ್ರೊ ನೇರ. ಶೆಡ್ಡಿನ ಒಂದು ಮೂಲೆಯಲ್ಲಿ ಲೇತ್ ಯಂತ್ರಗಳ ಸದ್ದು, ಇನ್ನೊಂದು ಮೂಲೆಯಲ್ಲಿ ಗಾಜಿನ ಕೋಣೆಯೊಳಗೆ ಉಪಕರಣ. ಇಂಜಿನಿಯರ್ ಅದೇ ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲಿಸಿದರು. ಈ ಸಲ ಎರಡು ವೇಳೆಗಳೂ ಬೇರೆ ಬೇರೆಯಾಗಿ ಕಂಡವು, ವ್ಯತ್ಯಾಸ 80.

ದೂರಿಗೆ ಉತ್ತರ ಅಷ್ಟೇ ಆಗಿತ್ತು. ಆದರೆ ಅವರು ಡಿಬಗ್ಗರ್ ತೆರೆದದ್ದು ಬೇರೊಂದು ದೋಷದ ಬೆನ್ನುಹತ್ತಿ: ಹತ್ತಿರ ಹತ್ತಿರ ಬಂದ ಎರಡು ಪಲ್ಸ್‌ಗಳಲ್ಲಿ ಒಂದು ಕೆಲವೊಮ್ಮೆ ‘ನಕಲು’ ಎಂದು ಬಿದ್ದುಹೋಗುತ್ತಿತ್ತು. ಅವರು ಹಂತ ಹಂತವಾಗಿ ಮುಂದಕ್ಕೆ ಹೋಗಿ, ಪಲ್ಸ್‌ಗಳನ್ನು ವಿಂಗಡಿಸುವ ಫಂಕ್ಷನ್ ಒಳಗೆ ಕಾಲಿಟ್ಟು, ತಟ್ಟನೆ ನಿಂತರು.

‘ಸರ್, ಹೊರಗೆ 40 ಇದೆ. ಒಳಗೆ ಬಂದ ಮೇಲೆ 0 ಆಗಿದೆ. ಇದೂ ಡಿಬಗ್ಗರಿನದ್ದೇ?’

ಬೈಟ್‌ಗಳನ್ನು ತೆರೆದು ನೋಡಿದೆವು. ಒಳಗಿನ ವೇರಿಯಬಲ್ ಎಂಟೇ ಬೈಟ್ ಉದ್ದವಿತ್ತು. ಹಳೆಯ ಯೋಜನೆಯೊಂದರಿಂದ ತಂದ ಆ ಫಂಕ್ಷನ್ ತನಗೆ ಕೊಡುವ ಬೆಲೆಯನ್ನು (ಆರ್ಗ್ಯುಮೆಂಟನ್ನು) ಡಬಲ್ ಎಂದು ಘೋಷಿಸಿತ್ತು. ಲಾಂಗ್ ಡಬಲ್ ಕೊಟ್ಟರೆ ಸಿ ಭಾಷೆ ಸದ್ದಿಲ್ಲದೆ ಕತ್ತರಿಸಿ ಒಳಗೆ ಬಿಡುತ್ತದೆ. ನಿಖರತೆ ಕುಗ್ಗುವ ಇಂಥ ಪರಿವರ್ತನೆಗೆ ಎಚ್ಚರಿಸುವ ಆಯ್ಕೆ ಜಿಸಿಸಿ ಕಂಪೈಲರಿನಲ್ಲಿ ಇದೆ. ಎಲ್ಲರೂ ಹಾಕುವ ‘ವಾಲ್’ (-Wall) ಆಯ್ಕೆಯ ಗುಂಪಿನಲ್ಲಿ ಅದು ಇಲ್ಲ, ಬೇರೆಯಾಗಿ ಕೇಳಬೇಕು.

ಅವರ ಪ್ರೋಗ್ರಾಂ ಒಂದು ಕಡೆ ಹನ್ನೊಂದು ಬಿಟ್ ಕಳೆದುಕೊಳ್ಳುತ್ತಿತ್ತು. ನಮ್ಮ ಡಿಬಗ್ಗರ್ ಎಲ್ಲ ಕಡೆಯೂ ಅದೇ ಹನ್ನೊಂದು ಬಿಟ್ ಕಳೆದು ತೋರಿಸುತ್ತಿತ್ತು. ಹಾಗಾಗಿ ಕಳೆದುಹೋದ ಜಾಗ ಯಾವುದೆಂದು ಅವರಿಗೆ ಕಾಣುವ ದಾರಿಯೇ ಇರಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು. ತಪ್ಪು ಉತ್ತರ ಕೊಡುವ ಉಪಕರಣವನ್ನು ಜನ ಬೇಗ ಬಿಟ್ಟುಬಿಡುತ್ತಾರೆ. ಅವರ ತಪ್ಪಿನ ಅಳತೆಗೇ ಸರಿಯಾಗಿ ತಪ್ಪುವ ಉಪಕರಣವನ್ನು ಅನುಮಾನಿಸುವುದೇ ಇಲ್ಲ. ಆ ‘ಸಮವಲ್ಲ’ ಎಂಬ ಕವಲು ಕೋಡಿನಲ್ಲಿ ಇಲ್ಲದಿದ್ದರೆ ನಮಗೆ ದೂರೂ ಬರುತ್ತಿರಲಿಲ್ಲ. ಆರ್ಗ್ಯುಮೆಂಟನ್ನು ಲಾಂಗ್ ಡಬಲ್ ಮಾಡಿ ಮತ್ತೆ ಕಂಪೈಲ್ ಮಾಡಿದರು, ಎರಡನೇ ಪಲ್ಸ್ ಉಳಿದುಕೊಂಡಿತು.

ಪೂರ್ತಿ ಬಗೆಹರಿಯದೆ ಉಳಿದದ್ದು ಒಂದಿದೆ. ಡಿಬಗ್ ಮಾಹಿತಿಗೆ ಬಳಸುವ ಡ್ವಾರ್ಫ್ ರೂಪ, ವೇರಿಯಬಲ್ ಒಂದು ಫ್ಲೋಟಿಂಗ್ ಪಾಯಿಂಟ್ ಎಂದೂ ಅದರ ಉದ್ದ 16 ಬೈಟ್ ಎಂದೂ ಹೇಳುತ್ತದೆ. ಆ ಹದಿನಾರರಲ್ಲಿ ಇರುವುದು ಎಕ್ಸ್87ರ ಹತ್ತು ಬೈಟ್‌ಗಳೋ, 128 ಬಿಟ್‌ನ ರೂಪವೋ, ಪವರ್‌ಪಿಸಿ ಚಿಪ್‌ಗಳಲ್ಲಿ ಬಳಸುವ ಎರಡು ಡಬಲ್‌ಗಳ ಜೋಡಿಯೋ ಎಂಬುದು ಅಷ್ಟರಿಂದ ತಿಳಿಯುವುದಿಲ್ಲ. ಜಿಡಿಬಿ ಟೈಪಿನ ಹೆಸರು ನೋಡಿ ಊಹಿಸುತ್ತದೆ. ನಾವೂ ಯಂತ್ರದ ಬಗೆ, ಆಪರೇಟಿಂಗ್ ಸಿಸ್ಟಂ ಮತ್ತು ಟೈಪಿನ ಹೆಸರು ಈ ಮೂರನ್ನೂ ನೋಡುತ್ತೇವೆ. ಮೂರೂ ಹೊಂದದಿದ್ದರೆ ನಮ್ಮ ಡಿಬಗ್ಗರ್ ಸಂಖ್ಯೆ ತೋರಿಸುವುದಿಲ್ಲ. ಹದಿನಾರು ಬೈಟ್‌ಗಳನ್ನು ಮುಂದಿಟ್ಟು, ಯಾವ ರೂಪದಲ್ಲಿ ಓದಬೇಕೆಂದು ಬಳಕೆದಾರರನ್ನೇ ಕೇಳುತ್ತದೆ. ಇದು ಕಿರಿಕಿರಿ ಎಂದು ಈಗಾಗಲೇ ಕೆಲವರು ಬರೆದಿದ್ದಾರೆ. ಊಹಿಸಿದ ಸಂಖ್ಯೆಯನ್ನು ಅವರ ಮುಂದೆ ಇಡಲು ನಾವು ಒಪ್ಪಿಲ್ಲ.